ಅವ್ವ ಕಟ್ಟಿದ ನಡುಪಟ್ಟಿ

ನಮ್ಮವ್ವನ ಬೆನ್ನು ಗೂನಾಗಿತ್ತು. ಅದು ನನ್ನಿಂದಾಗಿಯೇ ಗೂನಾಯಿತು ಎಂದು ತಿಳಿದುಕೊಂಡೇ ನಾನು ದೊಡ್ಡವಳಾದೆ.

ಹಾಗಂತ ಯಾರೂ ನನ್ನನ್ನು ಎದುರು ಕೂಡಿಸಿಕೊಂಡು ಹೇಳಿದ್ದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜೇವರ್ಗಿ ತಾಲೂಕಿನ ಕೊಳಕೂರಿನ ನಮ್ಮ ಮನೆಯಲ್ಲಿ ಅವ್ವ ಒಲೆಯ ಮುಂದಿನಿಂದ ಏಳಬೇಕಾದರೆ ಒಂದು ಕೈ ನೆಲಕ್ಕೆ, ಇನ್ನೊಂದು ಕೈ ಮೊಣಕಾಲಿಗೆ ಊರಬೇಕಾಗಿತ್ತು. ಎದ್ದಮೇಲೂ ಅರ್ಧ ಕುಳಿತವಳ ಹಾಗೆಯೇ ಇರುತ್ತಿದ್ದಳು. ಬಂದವರು "ಏನಾತಬೇ ನಡಕ್ಕ?" ಎಂದರೆ ಸಾಕು, "ಸಣ್ಣಾಕಿನ ಬಾಣಂತನದಾಗ ಹೋತು ನೋಡ್ರಿ" ಎನ್ನುತ್ತಿದ್ದಳು. ಸಣ್ಣಾಕಿ ಎಂದರೆ ನಾನು, ಮನೆಯ ಕೊನೆಯ ಮಗಳು. ನಾನು ಅಲ್ಲೇ ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ನಮ್ಮ ಕಡೆ ಹೆರಿಗೆಯಾದ ಹೆಂಗಸಿಗೆ ಹಳೇ ಸೀರೆಯನ್ನು ಉದ್ದಕ್ಕೆ ಹರಿದು ಪಟ್ಟಿ ಮಾಡಿ ಹೊಟ್ಟೆಗೂ ನಡುವಿಗೂ ಸುತ್ತಿ ಬಿಗಿಯಾಗಿ ಕಟ್ಟುತ್ತಾರೆ. ಸಡಿಲಾದ ಹೊಟ್ಟೆ ಕೂಡಿಕೊಳ್ಳಲಿ, ನಡು ಗಟ್ಟಿಯಾಗಲಿ ಎಂಬ ಆಸೆ. ಬಾಣಂತನ ಮುಗಿದ ಮೇಲೆ ಬಿಚ್ಚುವುದು ರೂಢಿ. ಅವ್ವನಿಗೆ ಮೊದಲಿನ ಹೆರಿಗೆಗಳಲ್ಲೆಲ್ಲ ತವರಿನವರು ಕಟ್ಟಿದ್ದರು. ನಾನು ಹುಟ್ಟಿದ್ದು ಮಾತ್ರ ಜೋಳದ ರಾಶಿಯ ಕಾಲದಲ್ಲಿ, ಅವ್ವನ ಅತ್ತೆಯ ಕೈಯಲ್ಲಿ. ಆ ಅತ್ತೆ "ಇಷ್ಟ ಮಕ್ಕಳನ್ನ ಹಡದೀದಿ, ಇನ್ನ ಯಾತರ ನಡಾ ಕಟ್ಟೂದು?" ಎಂದು ಪಟ್ಟಿ ಕಟ್ಟದೆ ಬಿಟ್ಟಳಂತೆ. ಅವ್ವ ಆಕೆಯನ್ನು ಬದುಕಿದ್ದಾಗ ಮನಸ್ಸಿನಲ್ಲಿ ಬೈದಳು, ಸತ್ತ ಮೇಲೆ ಬಾಯಿಬಿಟ್ಟು ಬೈದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಆಳಂದಕ್ಕೆ ಕೊಟ್ಟಿದ್ದರು. ಯಜಮಾನರು ತೊಗರಿ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮೊದಲ ಹೆರಿಗೆಗೆ ಕೊಳಕೂರಿಗೆ ಬಂದೆ. ಹೆಣ್ಣು ಹುಟ್ಟಿತು. ಕೂಸಿನ ಮೈ ಒರೆಸಿ ಮಲಗಿಸಿದ್ದೇ ತಡ, ಅವ್ವ ತನ್ನ ಹಳೇ ಸೀರೆ ಹರಿದು ತಂದಳು. ಗೂನು ಬೆನ್ನಿನ ಆ ಸಣ್ಣ ಹೆಂಗಸಿಗೆ ಅಷ್ಟು ಬಲ ಎಲ್ಲಿತ್ತೋ, ನನ್ನ ಸೊಂಟಕ್ಕೆ ಮೊಣಕಾಲು ಕೊಟ್ಟು, ಜೋಳದ ಕಣಿಕೆ ತುಂಬಿದ ಬಂಡಿಗೆ ಹಗ್ಗ ಜಗ್ಗುವ ಹಾಗೆ ಜಗ್ಗಿದಳು. ನಾನು ಚೀರಿದೆ.

"ಚೀರಬ್ಯಾಡ ಬೇ. ನನ್ನಂಗ ಆಗತೀಯೇನು?" ಎಂದಳು.

ಆಳಂದಕ್ಕೆ ಹೊರಡುವ ದಿನ ಟ್ರಂಕಿನಲ್ಲಿ ಇನ್ನೊಂದು ಪಟ್ಟಿ ಇಟ್ಟು, ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದಳು. "ನಾ ಹೇಳೂತನಕ ಬಿಚ್ಚಬ್ಯಾಡ." ಆಮೇಲೆ ಬಿಚ್ಚು ಎಂದು ಆಕೆ ಹೇಳಲೇ ಇಲ್ಲ. ಬದಲಿಗೆ ಪ್ರತಿ ನಾಗರಪಂಚಮಿಗೆ ತವರಿಗೆ ಹೋದಾಗ ಉಂಡಿಯ ಡಬ್ಬಿಯ ಜೊತೆಗೆ ಒಂದು ಹೊಸ ಪಟ್ಟಿ ಕೊಡುತ್ತಿದ್ದಳು. ಹೊಸದು ಎಂದರೆ ತನ್ನ ಹಳೇ ಸೀರೆಯದೇ.

ಸುಳ್ಳು ಹೇಳಬಾರದು, ಕಟ್ಟಿಕೊಂಡರೆ ಸುಖವೆನಿಸುತ್ತಿತ್ತು. ನೀರು ಹೊರುವಾಗ, ರೊಟ್ಟಿ ಬಡಿಯುವಾಗ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಕೂಸು ನಡೆಯಿತು, ಸಾಲಿಗೆ ಹೋಯಿತು, ನನ್ನ ಬಾಣಂತನ ಮಾತ್ರ ಮುಗಿಯಲಿಲ್ಲ. ಸೀರೆ, ಕುಬಸ, ಪಟ್ಟಿ ಎಂದು ಅದೂ ನನ್ನ ಉಡುಪಿನಲ್ಲಿ ಸೇರಿಹೋಯಿತು. ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೆ.

ಪಟ್ಟಿ ಇಲ್ಲದೆ ನಾನು ಕೂರುತ್ತಿದ್ದ ಹೊತ್ತು ದಿನಕ್ಕೆ ಒಂದೇ. ಬೆಳಿಗ್ಗೆ ಜಳಕ ಮಾಡಿ, ಪಟ್ಟಿಯನ್ನು ಒಗೆದು ಹರವಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುವ ಹೊತ್ತು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾ ಕೂರಬೇಕು. ಚಿಕ್ಕವಳಿದ್ದಾಗ ಅಪ್ಪ ಇದನ್ನು ಕಲಿಸುವಾಗ, "ಕೈ ಎತ್ತಿ ಹಿಡಿಯೂದಲ್ಲವ್ವಾ, ಬೆನ್ನು ಎತ್ತಿ ಹಿಡಿ. ಕೈ ತಾನೇ ನಿಲ್ತದ" ಎಂದಿದ್ದರು. ಆಗ ಬೆನ್ನು ಎನ್ನುವುದೊಂದು ಇದೆ ಎಂಬುದೇ ಗೊತ್ತಾಗದಷ್ಟು ಸಲೀಸಾಗಿ ಕೂರುತ್ತಿದ್ದೆ. ಈಗ ಕುಳಿತ ಸ್ವಲ್ಪ ಹೊತ್ತಿಗೆ ನಡುವಿನ ಕೆಳಗೆ ಬೆಂಕಿ ಇಟ್ಟ ಹಾಗಾಗುತ್ತಿತ್ತು. ಹೊಟ್ಟೆ ಮುಂದಕ್ಕೆ ಜಾರುತ್ತಿತ್ತು, ಹೆಗಲು ಇಳಿಯುತ್ತಿತ್ತು, ಅಂಗೈ ಕಣ್ಣಿನಿಂದ ಎದೆಗೆ, ಎದೆಯಿಂದ ತೊಡೆಗೆ ಬರುತ್ತಿತ್ತು. ಕೊನೆಗೆ ನಾನೇ ಲಿಂಗದ ಮೇಲೆ ಬಾಗಿಕೊಂಡು ಪೂಜೆ ಮುಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಮಗಳು ಬಾಗಿಲಲ್ಲಿ ನಿಂತು ಜಡೆ ಹಾಕಿಸಿಕೊಳ್ಳಲು ಕಾಯುತ್ತಿದ್ದವಳು ನಕ್ಕಳು.

"ಅವ್ವಾ, ನೀ ಥೇಟ್ ಆಯಿಯಂಗ ಕುಂತೀದಿ ನೋಡು."

ಆಯಿ ಎಂದರೆ ನಮ್ಮವ್ವ. ಮಗಳಿಗೆ ಅದೊಂದು ತಮಾಷೆ. ನನಗಲ್ಲ. ಅಂದರೆ ನನಗೂ ಗೂನು ಬಂತು. ಅವ್ವ ಇಷ್ಟು ವರ್ಷ ಬಿಗಿದು ಕಟ್ಟಿ ತಡೆದದ್ದು ಬಂದೇ ಬಂತು. ಅವತ್ತು ಮಗಳ ಜಡೆ ಸೊಟ್ಟ ಹಾಕಿ ಕಳಿಸಿದೆ.

ಬೆನ್ನು ನೋವೆಂದು ಒಬ್ಬರ ಮುಂದೆ ಬಾಯಿಬಿಟ್ಟರೆ ಓಣಿಯೆಲ್ಲ ವೈದ್ಯರೇ. ಒಬ್ಬರು ಬೆಲ್ಲ ಬಿಡು ಎಂದರು, ಒಬ್ಬರು ಬೆಲ್ಲವೇ ತಿನ್ನು ಎಂದರು. ಹವಳಗಾದಲ್ಲಿದ್ದ ನಮ್ಮ ನಾದಿನಿ, ಅಫಜಲಪುರ ಕಡೆಯ ಹಳ್ಳಿಯೊಂದರಲ್ಲಿ ನರ ಹಿಡಿದದ್ದನ್ನು ಬಿಡಿಸುವ ಮುದುಕನಿದ್ದಾನೆಂದು ಕರೆದುಕೊಂಡು ಹೋದಳು. ಮುದುಕ ಬೆನ್ನಿಗೆ ಎಣ್ಣೆ ತಿಕ್ಕಿ, ನನ್ನ ಎರಡೂ ಕೈ ಹಿಡಿದು ಜಗ್ಗಿ, "ನಡಾ ಕಟ್ಟಿಕೋತೀರೇನ್ರಿ?" ಎಂದು ಕೇಳಿದ. ಕಟ್ಟಿಕೊಳ್ಳುತ್ತೇನೆ ಎಂದೆ.

"ಛಲೋ ಮಾಡೀರಿ. ಇನ್ನಾ ಜರಾ ಬಿಗಿ ಕಟ್ಟರಿ."

ಬಿಗಿ ಕಟ್ಟಿದೆ. ಉಸಿರು ಹಿಡಿಯಿತೇ ಹೊರತು ನೋವು ಹೋಗಲಿಲ್ಲ. ಪೂಜೆಗೆ ಕುಳಿತರೆ ಮೊದಲಿಗಿಂತ ಬೇಗ ಕುಸಿಯತೊಡಗಿದೆ.

ಆ ವರ್ಷ ಆಳಂದದ ದವಾಖಾನೆಗೆ ಮೈಸೂರು ಕಡೆಯ ಒಬ್ಬ ಲೇಡಿ ಡಾಕ್ಟರು ಬಂದಿದ್ದರು. ಇನ್ನೂ ಮದುವೆಯಾಗದ ಹುಡುಗಿ. ಯಜಮಾನರು ಹೋಗಿ ತೋರಿಸಿಕೊಂಡು ಬಾ ಎಂದರು. ಹೋಗುವ ಮುಂಚೆ ನಾನು ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿದೆ. ಬಾಣಂತಿಯ ಬಟ್ಟೆಯನ್ನು ಮದುವೆಯಾಗದ ಹುಡುಗಿಯ ಮುಂದೆ ಬಿಚ್ಚುವುದೇ? ನಮ್ಮ ಮನೆತನದಲ್ಲಿ ಅಷ್ಟು ನಾಚಿಕೆ ಇರಲೇಬೇಕು. ಹೀಗೆ ಮಾನವಂತಳಾಗಿ ದವಾಖಾನೆ ಮುಟ್ಟುವಷ್ಟರಲ್ಲಿ ಅರ್ಧ ಬಾಗಿದ್ದೆ.

ಅವರು ಬೆನ್ನೆಲುಬಿನ ಮೇಲೆ ಬೆರಳಿನಿಂದ ತಟ್ಟುತ್ತಾ ಬಂದರು. ಜ್ವರ ಬರುತ್ತಾ, ಮೈ ಇಳಿದಿದೆಯಾ, ಮನೇಲಿ ಯಾರಿಗಾದ್ರೂ ಕೆಮ್ಮು ಇದೆಯಾ ಎಂದು ಕೇಳಿದರು. ಆಮೇಲೆ ಚೀಟಿ ಬರೆದು, "ಗುಲ್ಬರ್ಗಕ್ಕೆ ಹೋಗಿ ಒಂದು ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ. ಬೆನ್ನೆಲುಬಿನ ಟಿ.ಬಿ. ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಣ" ಎಂದರು. ಇಲ್ಲ ಎಂಬುದು ನನ್ನ ಕಿವಿಗೆ ಬೀಳಲಿಲ್ಲ, ಟಿ.ಬಿ. ಮಾತ್ರ ಬಿತ್ತು.

ಯಜಮಾನರ ಜೊತೆ ಗುಲ್ಬರ್ಗದ ಬಸ್ಸು ಹತ್ತಿದೆ. ಮಗಳು ಇನ್ನೂ ಮೂರನೇತ್ತ, ಮೂರನೇ ತರಗತಿ. ಅವಳ ಜಡೆ ಯಾರು ಹಾಕುತ್ತಾರೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ಪಟ್ಟಿ ಬಿಚ್ಚಿಸಿದರು, ತೆಗೆದಾದ ಮೇಲೆ ಮತ್ತೆ ಕಟ್ಟಿಕೊಂಡೆ. ಸಂಜೆ ಆಳಂದದಲ್ಲಿ ಇಳಿದವರು ಮನೆಗೂ ಹೋಗದೆ ಬಸ್ ಸ್ಟ್ಯಾಂಡಿನಿಂದ ನೇರ ದವಾಖಾನೆಗೇ ಹೋದೆವು.

ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ.

"ಎಲುಬೆಲ್ಲ ಚೆನ್ನಾಗಿದೆ. ಏನೂ ಇಲ್ಲ" ಎಂದರು.

ಯಜಮಾನರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನನಗೆ ನಗು ಬಂತೋ ಅಳು ಬಂತೋ ಇವತ್ತಿಗೂ ಹೇಳಲಾರೆ. ಆದರೆ ಡಾಕ್ಟರಿಗೆ ಸಮಾಧಾನವಿರಲಿಲ್ಲ. ಎಲುಬು ಸರಿಯಿದ್ದರೆ ಮೊನ್ನೆ ಹಾಗೇಕೆ ಬಾಗಿದ್ದಿರಿ, ಇವತ್ತೇಕೆ ನೆಟ್ಟಗಿದ್ದೀರಿ ಎನ್ನುತ್ತಾ ಬೆನ್ನಿನ ಮೇಲೆ ಕೈ ಇಟ್ಟರು. ಕೈ ಅಲ್ಲೇ ನಿಂತಿತು.

"ಇದೇನಮ್ಮ ಒಳಗೆ, ಇಷ್ಟು ಬಿಗಿಯಾಗಿ?"

ಅವತ್ತು ಗೂಟಕ್ಕೆ ಹಾಕಿ ಬರಲು ಮನೆಗೆ ಹೋಗಿರಲೇ ಇಲ್ಲ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ನಡಾ ಕಟ್ಟೇನ್ರಿ. ಬಾಣಂತನದ್ದು" ಎಂದೆ.

"ಮಗು ಎಷ್ಟು ತಿಂಗಳಿಂದು?"

"ಮೂರನೇತ್ತ ಅದಾಳ್ರೀ."

ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಮೇಜಿಗೆ ಹಣೆ ಹಚ್ಚಿ ನಗತೊಡಗಿದರು. ನನಗೆ ಸಿಟ್ಟು ಬಂದಿತ್ತು. ಆದರೆ ಟಿ.ಬಿ. ಇಲ್ಲ ಎಂದವರ ಮೇಲೆ ಎಷ್ಟು ಹೊತ್ತು ಸಿಟ್ಟಾಗಲು ಸಾಧ್ಯ? ನಾನೂ ನಕ್ಕೆ.

ನಕ್ಕು ಮುಗಿಸಿ ಅವರು ಹೇಳಿದ್ದು ನನಗೆ ಇನ್ನೂ ಬಾಯಿಪಾಠ. ಬೆನ್ನೆಲುಬು ತಾನಾಗಿ ನಿಲ್ಲುವುದಿಲ್ಲ. ಅದರ ಎರಡೂ ಮಗ್ಗುಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಉದ್ದನೆಯ ಸ್ನಾಯುಗಳಿವೆ. ಮುಂದೆ ಹೊಟ್ಟೆಯ ಸ್ನಾಯುಗಳಿವೆ, ಕೆಳಗೆ ಕುಂಡಿಯವು ಇವೆ. ಎಲ್ಲಾ ಕಡೆಯಿಂದ ಹಿಡಿದಾಗ ಮನುಷ್ಯ ನೆಟ್ಟಗೆ ಕೂರುತ್ತಾನೆ. "ಹೊಟ್ಟೆಯ ಒಳಪದರದಲ್ಲಿ ಒಂದು ಸ್ನಾಯು ನಡುವನ್ನು ಸುತ್ತಿಕೊಂಡೇ ಇರುತ್ತೆ. ನಿಮ್ಮಮ್ಮ ಕಟ್ಟಿದ್ದಾರಲ್ಲ, ಅಂಥದ್ದೇ ಪಟ್ಟಿ. ಹೊರಗಿನ ಪಟ್ಟಿ ದಿನವಿಡೀ ದುಡೀತಿದ್ರೆ ಒಳಗಿಂದು ಯಾಕೆ ದುಡಿಯತ್ತೆ ಹೇಳಿ? ಮಲಗಿಬಿಟ್ಟಿದೆ. ನೀವು ಕೂತಿಲ್ಲ ಇಷ್ಟು ವರ್ಷ, ಬಟ್ಟೆ ಕೂತಿತ್ತು."

"ಹಂಗಾರ ನಾ ನಮ್ಮವ್ವನಂಗ ಆಗಂಗಿಲ್ಲೇನ್ರಿ?" ಎಂದು ಕೇಳಿದೆ. ಆ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ. ಅರ್ಥಮಾಡಿಸುವಷ್ಟು ಧೈರ್ಯ ನನಗೂ ಇರಲಿಲ್ಲ.

ಪಟ್ಟಿಯನ್ನು ಒಮ್ಮೆಲೇ ಬಿಸಾಡಬೇಡಿ, ಮೊದಲು ಬೆಳಗಿನ ಕೆಲಸಕ್ಕೆ ಬಿಡಿ, ಆಮೇಲೆ ಮಧ್ಯಾಹ್ನಕ್ಕೆ ಬಿಡಿ ಎಂದಿದ್ದರು. ಬಿಟ್ಟ ಮೊದಲ ದಿನ ಬಟ್ಟೆಯಿಲ್ಲದೆ ಓಣಿಯಲ್ಲಿ ನಿಂತ ಹಾಗಾಗಿತ್ತು. ರೊಟ್ಟಿ ಬಡಿಯುವಾಗ ನಡುನಡುವೆ ಎದ್ದು ಗೋಡೆಗೆ ಆತು ನಿಂತೆ. ಡಾಕ್ಟರು ಹೇಳಿದಂತೆ ಕುಂಡಿಯ ಕೆಳಗೆ ಮಣೆ ಹಾಕಿಕೊಂಡೆ, ಮೊಣಕಾಲಿಗಿಂತ ಸೊಂಟ ಮೇಲಿದ್ದರೆ ಬೆನ್ನು ತಾನಾಗಿ ಏಳುತ್ತದೆಂದು. ಮಧ್ಯಾಹ್ನ ಫರಸಿ ಕಲ್ಲಿನ ನೆಲದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುವುದು. ಆಮೇಲೆ ಸೊಂಟ ಎತ್ತಿ ಹಿಡಿಯುವುದು. ಊಟಕ್ಕೆ ಬಂದ ಯಜಮಾನರು ಒಂದು ದಿನ ನೋಡಿ, "ಕುಸ್ತಿಗಿ ಹೋಗಾಕಿ ಏನು?" ಎಂದರು. "ಹೌದ್ರಿ, ಮೊದಲನೇ ಜೋಡಿ ನೀವೇ" ಎಂದೆ. ಆಮೇಲೆ ಅವರು ತಾವೇ ತಾಟು ಹಾಕಿಕೊಂಡು ಉಣ್ಣುವುದನ್ನು ಕಲಿತರು.

ಕೆಲವು ವಾರ ಕಳೆದ ಮೇಲೆ ದವಾಖಾನೆಗೆ ಹೋಗಿ ಎದೆ ಉಬ್ಬಿಸಿ, ಹೆಗಲು ಹಿಂದಕ್ಕೆ ಎಳೆದು, ಕೋಲಿನ ಹಾಗೆ ಕುಳಿತು ತೋರಿಸಿದೆ. "ಪೊಲೀಸ್ ಪೆರೇಡಿಗೆ ಹೊರಟಿದ್ದೀರಾ?" ಎಂದರು ಡಾಕ್ಟರು. ನೆಟ್ಟಗೆ ಎಂದರೆ ಸೆಟೆದು ಅಲ್ಲವಂತೆ. ಕುಂಡಿಯ ಕೆಳಗಿನ ಎರಡು ಎಲುಬುಗಳ ಮೇಲೆ ಭಾರ ಸಮನಾಗಿ ಬಿಟ್ಟು, ಕಿವಿ ಹೆಗಲಿನ ನೇರಕ್ಕೆ ಇಟ್ಟು, ಆರಾಮಾಗಿ ಉಸಿರಾಡಬೇಕಂತೆ. ಉಸಿರು ಕಟ್ಟಿದರೆ ಅದು ತಪ್ಪು ಕೂರುವುದು. ಅಪ್ಪ ಹೇಳಿದ್ದೂ ಇಷ್ಟೇ ಆಗಿತ್ತು.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದೆ. ಮಗಳ ಜಡೆ ಹಾಕುವಾಗ ನೆನಪಾಯಿತು, ಅವತ್ತು ಬೆನ್ನಿನ ನೆನಪೇ ಬಂದಿರಲಿಲ್ಲ. ಎಂಥ ಹಗುರವೆಂದರೆ, ಮಗಳು "ಯಾಕವ್ವಾ ನಗಾಕತ್ತಿ?" ಎಂದು ಹಿಂದಕ್ಕೆ ತಿರುಗಿ ಕೇಳಿದಳು.

ಪಂಚಮಿ ಬಂತು. ಕೊಳಕೂರಿನಲ್ಲಿ ಅವ್ವ ಉಂಡಿಯ ಡಬ್ಬಿಯ ಮೇಲೆ ಹೊಸ ಪಟ್ಟಿ ಇಟ್ಟು ಕೊಟ್ಟಳು. ನಾನು ಡಬ್ಬಿ ತೆಗೆದುಕೊಂಡು ಪಟ್ಟಿಯನ್ನು ಹಿಂದಕ್ಕೆ ಕೊಟ್ಟೆ. ಆಕೆಯ ಕೈ ತಟ್ಟನೆ ನನ್ನ ನಡುವಿಗೆ ಬಂತು.

"ಆಣಿ ಮುರದೀ?"

"ಡಾಕ್ಟರು ಬಿಚ್ಚು ಅಂದಾರ ಅವ್ವಾ."

"ಯಾವಾಕಿ ಆಕಿ? ಎಷ್ಟ ಹಡದಾಳ?"

ಹಡೆದಿಲ್ಲ, ಮದುವೆಯೂ ಆಗಿಲ್ಲ ಎಂದು ನಾನು ಹೇಳಬಾರದಿತ್ತು. ಮರುದಿನ ನಾನು ಹೊರಡುವಾಗ ಅವ್ವ ತಾನೂ ಕೈಚೀಲ ಹಿಡಿದು, ಪಟ್ಟಿಯನ್ನು ಅದರಲ್ಲಿ ತುರುಕಿ, ನನ್ನ ಹಿಂದೆ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತವಳು ಆಳಂದ ಬರುವತನಕ ತಿರುಗಲಿಲ್ಲ.

ದವಾಖಾನೆಯಲ್ಲಿ ಡಾಕ್ಟರ ಮುಂದೆ ನಿಂತಾಗ ಅವ್ವನ ತಲೆ ಮೇಜಿಗಿಂತ ಸ್ವಲ್ಪವೇ ಮೇಲಿತ್ತು. ಅಲ್ಲಿಂದಲೇ ಕತ್ತು ಮೇಲೆತ್ತಿ, "ನನ್ನ ಮಗಳ ನಡಾ ಬಿಚ್ಚಿಸಿದವರು ನೀವೇನ್ರಿ? ನನ್ನ ಕಡಿ ನೋಡ್ರಿ. ನಡಾ ಕಟ್ಟಲಿಲ್ಲಂದ್ರ ಹಿಂಗ ಆಗತದ" ಎಂದಳು. ಡಾಕ್ಟರು ನಗಲಿಲ್ಲ. ಎದ್ದು ಬಂದು ಅವ್ವನನ್ನು ಹಿಡಿದು ಕೂಡಿಸಿ, ಬೆನ್ನೆಲುಬಿನ ಗುಂಟ ಬೆರಳು ಇಳಿಸುತ್ತಾ ಬಂದರು. ಗೂನು ಬಂದ ಕಡೆ ನಿಲ್ಲಿಸಿದರು.

"ಯಾವಾಗ ಶುರುವಾಯ್ತು ಇದು ಬಾಗೋಕೆ?"

"ಈಕಿ ಬಾಣಂತನದಾಗ."

"ಬಾಣಂತನದಲ್ಲೇ ಬಾಗಿತ್ತಾ? ಆಗ ನೆಟ್ಟಗೆ ನಡೀತಿರಲಿಲ್ವಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಇಲ್ರಿ. ಆಗ ತಲಿ ಮ್ಯಾಲ ಕೊಡ ಹೊರತಿದ್ದೆ. ಈಕಿ ಸಾಲಿಗಿ ಹೋಗೂವಂಗ ಆದಳಲ್ರಿ, ನನಗ ಮುಟ್ಟು ನಿಂತ ಮ್ಯಾಲ... ಆಗಿಂದ ಬಾಗಕೋತ ಬಂತು."

"ಇದು ಎಲುಬು ಸವೆದು ಕುಸಿದು ಬರೋ ಗೂನು ಅಮ್ಮ. ಮುಟ್ಟು ನಿಂತ ಮೇಲೆ ಎಷ್ಟೋ ಜನ ಹೆಂಗಸರಿಗೆ ಹೀಗಾಗುತ್ತೆ. ಬಟ್ಟೆ ಕಟ್ಟಿದ್ರೂ ಬರೋದು, ಕಟ್ಟದಿದ್ರೂ ಬರೋದು. ನಿಮ್ಮ ಮಗಳದ್ದು ಬೇರೆ."

ಜಗಳ ಮಾಡಲು ಅಷ್ಟು ದೂರದಿಂದ ಬಂದ ಅವ್ವ ಕೈಚೀಲ ಹಿಡಿದುಕೊಂಡು ಜಗಳವಾಡದೆಯೇ ಎದ್ದಳು. ದಾರಿಯಲ್ಲಿ ಅಂಗಡಿಗಳನ್ನು ತೋರಿಸಿದರೆ ಹೂಂ ಎಂದಳು. ರಾತ್ರಿ ಅರ್ಧ ರೊಟ್ಟಿ ತಿಂದು ಮಲಗಿದಳು.

ಬೆಳಿಗ್ಗೆ ನಾನು ಜಳಕ ಮಾಡಿ ಪೂಜೆಗೆ ಕುಳಿತಿದ್ದೆ. ಲಿಂಗ ಅಂಗೈಯಲ್ಲಿತ್ತು, ಅಂಗೈ ಕಣ್ಣಿನ ಮಟ್ಟಕ್ಕಿತ್ತು. ಹಿಂದೆ ಅವ್ವ ಒಂದು ಕೈ ನೆಲಕ್ಕೂರಿ ಕುಳಿತ ಸಪ್ಪಳವಾಯಿತು. ಆಮೇಲೆ ಆಕೆಯ ಬೆರಳುಗಳು ಬೆನ್ನಿಗೆ ಬಂದವು. ಡಾಕ್ಟರು ತನಗೆ ಮಾಡಿದ ಹಾಗೆಯೇ ಮೇಲಿನಿಂದ ಇಳಿಸುತ್ತಾ ಬಂದು, ಎರಡೂ ಮಗ್ಗುಲಿಗೆ ಒತ್ತಿ ನೋಡಿದಳು. ಹೊಟ್ಟೆಯ ಪಕ್ಕಕ್ಕೂ ಒತ್ತಿದಳು.

"ಗಟ್ಟಿ ಅದ" ಎಂದಳು.

ಪೂಜೆಯ ನಡುವೆ ಮಾತಾಡಬಾರದು. ನಾನು ಕುಳಿತೇ ಇದ್ದೆ.

"ನಮ್ಮತ್ತಿಗಿ ಸುಮ್ಮಸುಮ್ಮನ ಬೈದೆ. ಪಾಪ ಮುದುಕಿ." ಕೈ ಬೆನ್ನಿನ ಮೇಲೇ ಇಟ್ಟುಕೊಂಡು, ಮತ್ತೆ ಅಂದಳು, "ನಿನ್ನಿಂದಲೂ ಅಲ್ಲ ಬಿಡವಾ. ನಿನ್ನಿಂದ ಏನೂ ಆಗಿಲ್ಲ."

ಆಕೆಗೆ ಗೊತ್ತಿತ್ತು. ಶೇಂಗಾ ಸುಲಿಯುತ್ತಿದ್ದ ಹುಡುಗಿ ಕೇಳಿಸಿಕೊಳ್ಳುತ್ತಿದ್ದಳೆಂದು ಆಕೆಗೆ ಅಷ್ಟು ವರ್ಷವೂ ಗೊತ್ತಿತ್ತು. ಕಣ್ಣು ತುಂಬಿ ಅಂಗೈಯಲ್ಲಿದ್ದದ್ದು ಕಾಣದಾಯಿತು. ಲಿಂಗ ಹಿಡಿದುಕೊಂಡೇ ಅತ್ತೆ, ಹೆಗಲು ಅಲುಗುವಷ್ಟು ಅತ್ತೆ. ಆದರೆ ಕೈ ತೊಡೆಗೆ ಇಳಿಯಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅವ್ವ ಹೊರಟಳು. ದಾರಿಗೆಂದು ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಡಲು ನಾನು ಬಟ್ಟೆ ಹುಡುಕುತ್ತಿದ್ದೆ. ಆಕೆ ಕೈಚೀಲದಿಂದ ಆ ಹೊಸ ಪಟ್ಟಿ ತೆಗೆದು ಕೊಟ್ಟಳು.

"ಇದರಾಗ ಕಟ್ಟು. ಜಗ್ಗಿ ಬಿಗಿಬ್ಯಾಡ ಮತ್ತ, ರೊಟ್ಟಿ ಮುರೀತಾವ."